ಅರಮನೆಯ ಪಿಕಪ್ಪಿನ ಗೇರ್‌ಬಾಕ್ಸ್ ಬಿಚ್ಚಿದವನು

"ಕೇಳಿರಪ್ಪೋ ಕೇಳಿ! ಅರಮನೆಯ ಪಿಕಪ್ ಗಾಡಿಯ ಗೇರ್‌ಬಾಕ್ಸು ಕೆಟ್ಟು ನಿಂತಿದೆ. ಸರಿಮಾಡಬಲ್ಲವರು ಬರಬಹುದು. ಆದರೆ ಸ್ಪ್ಯಾನರ್ ಮುಟ್ಟುವ ಮೊದಲು ರಾಜಕುಮಾರಿ ಪದ್ಮಲೆಯವರ ಮೂರು ಒಗಟು ಬಿಡಿಸಬೇಕು. ಬಿಡಿಸಿದವರು ಕೇಳಿದ್ದನ್ನು ಅರಸರು ಕೊಡುತ್ತಾರೆ. ಒಂದು ತಪ್ಪಿದರೂ ತಲೆ ಹೋಗುತ್ತದೆ!"

ಕಣಿವೆಕೋಟೆಯ ಡಂಗುರದವನು ಹೀಗೆ ಸಾರುತ್ತ ಇಟ್ಟಿಗೆ ಗೂಡಿನ ಮುಂದೆ ಹಾದುಹೋದಾಗ ಮೈಲಾರಿ ಗುಡ್ಡ ಹತ್ತಲಾರದ ತನ್ನ ಹಳೆಯ ಮೋಟಾರು ಗಾಡಿಗೆ ಇಟ್ಟಿಗೆ ತುಂಬುತ್ತಿದ್ದ. ಕೇಳಿ, ಮತ್ತೆರಡು ಸಾಲು ಜೋಡಿಸಿದ.

ಆ ಸಂಸ್ಥಾನದಲ್ಲಿ ಗುಡ್ಡದ ಮೇಲಿನ ಏಳು ಹಳ್ಳಿಗಳಿಗೆ ಉಪ್ಪು, ಔಷಧಿ ಒಯ್ಯುತ್ತಿದ್ದುದು ಆ ಒಂದೇ ಪಿಕಪ್ಪು. ನಡೆಸುತ್ತಿದ್ದವನು ಮುದುಕ ಸಿಂಗಣ್ಣ. ಪದ್ಮಲೆಗೆ ಗಾಡಿ ಕಲಿಸಿದವನೂ ಅವನೇ. ವಾರದ ಹಿಂದೆ ಯಾರೋ ಹೊರಗಿನ ರಿಪೇರಿಯವನು ಗೇರ್‌ಬಾಕ್ಸ್ ಬಿಚ್ಚಿ, ಸರಿಯಾಯಿತೆಂದು ಹೇಳಿ ಹೊರಟುಹೋದ. ಮರುದಿನ ಇಳಿಜಾರಿನಲ್ಲಿ ಗೇರು ತಾನಾಗಿ ಜಾರಿತು, ಗಾಡಿ ಬಂಡೆಗೆ ಬಡಿಯಿತು, ಸಿಂಗಣ್ಣ ತೀರಿಕೊಂಡ. ಮಗಳು ಪದ್ಮಲೆ ಮೂರು ದಿನ ಉಣ್ಣದೆ ಕೂತಾಗ, ಇನ್ನು ಬಲ್ಲವರೇ ಗಾಡಿ ಮುಟ್ಟಲೆಂದು ಅರಸ ಬಿಜ್ಜರಸ ಈ ಆಜ್ಞೆ ಹೊರಡಿಸಿದ.

ಮೊದಲು ಬಂದವನು ಮಂತ್ರಿಯ ಸೋದರಳಿಯ ಗುಂಡೋಜ. ಅರಮನೆಯ ಗಾಡಿಶಾಲೆಯ ಅಧಿಕಾರಿ, ಕೈಗೆ ಗ್ರೀಸ್ ಅಂಟಿಸಿಕೊಂಡವನಲ್ಲ.

"ಮೈ ಸುತ್ತ ಹಲ್ಲು, ತಿನ್ನುವುದು ಏನೂ ಇಲ್ಲ," ಎಂದಳು ಪದ್ಮಲೆ. "ಎದುರಿನವನನ್ನು ಪೂರ್ತಿ ಕಚ್ಚಿದರೆ ಇಬ್ಬರೂ ಸುಖವಾಗಿರುತ್ತಾರೆ. ಅರೆಬರೆ ಕಚ್ಚಿದರೆ ಇಬ್ಬರ ಹಲ್ಲೂ ಉದುರುತ್ತದೆ. ಯಾರು?"

"ಗರಗಸ," ಎಂದ ಗುಂಡೋಜ. ಸೆರೆಮನೆಗೆ ಹೋದ.

ಎರಡನೆಯವನು ಪಟ್ಟಣದಲ್ಲಿ ಹನ್ನೆರಡು ಗ್ಯಾರೇಜು ನಡೆಸುವ ಸೋವಿದೇವ. ಮೊದಲೆರಡನ್ನು ಥಟ್ಟನೆ ಬಿಡಿಸಿದ. ಮೂರನೆಯದಕ್ಕೆ ನಗುತ್ತಲೇ "ಎಣ್ಣೆ" ಎಂದ. ಪದ್ಮಲೆ ಅಲ್ಲವೆಂದು ತಲೆಯಾಡಿಸಿದಾಗ ಅವನ ನಗು ನಿಂತಿತು. ಸೋಮವಾರ ಇಬ್ಬರ ತಲೆಯೂ ಹೋಗುವುದೆಂದು ಊರೆಲ್ಲ ಮಾತಾಯಿತು. ಆಮೇಲೆ ಯಾರೂ ಅರಮನೆಯ ಕಡೆ ಸುಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಮೈಲಾರಿ ಗೂಡಿನ ಬಳಿ ನಿಂತಿದ್ದಾಗ, ನಾಲ್ವರು ಗುಡ್ಡದಿಂದ ಒಬ್ಬ ಹೆಂಗಸನ್ನು ಮಂಚದ ಮೇಲೆ ಹೊತ್ತು ತಂದರು. ಹಾವು ಕಚ್ಚಿತ್ತು. ದಾರಿಯಲ್ಲೇ ಜೀವ ಹೋಗಿತ್ತು. ಹೊತ್ತವರು ನೀರು ಕೇಳಿದರು, ಮೈಲಾರಿ ಕೊಟ್ಟ. ಆಮೇಲೆ ಕೈ ತೊಳೆದುಕೊಂಡು ನೇರ ಅರಮನೆಗೆ ನಡೆದ.

"ಎಲ್ಲಿ ಕಲಿತೆ?" ಎಂದು ಅರಸ ಕೇಳಿದ.

"ಎಲ್ಲೂ ಇಲ್ಲ ಸ್ವಾಮಿ. ನನ್ನ ಗಾಡಿಯ ಬಾಕ್ಸನ್ನು ಹುಣಸೆಮರದ ಕೆಳಗೆ ನಾನೇ ಬಿಚ್ಚಿ ಜೋಡಿಸಿದೆ."

ಆಸ್ಥಾನದಲ್ಲಿ ಯಾರೋ ಕಿಸಕ್ಕೆಂದರು. ಪದ್ಮಲೆ ನಗಲಿಲ್ಲ. ಗುಂಡೋಜನಿಗೆ ಹೇಳಿದ ಮೊದಲ ಒಗಟನ್ನೇ ಹೇಳಿದಳು.

"ಗೇರಿನ ಚಕ್ರ, ತಾಯಿ."

"ಒತ್ತಿದರೆ ಬಿಡುತ್ತದೆ, ಬಿಟ್ಟರೆ ಹಿಡಿಯುತ್ತದೆ. ಅದು ಬಿಟ್ಟಾಗಲೇ ಮನೆಯೊಳಗೆ ಜಾಗ ಬದಲಾಯಿಸಬೇಕು. ಏನದು?"

"ಕ್ಲಚ್ಚು. ಕಾಲಿಟ್ಟು ಒತ್ತಿದರೆ ಇಂಜಿನ್ನನ್ನು ಬಿಡುತ್ತದೆ, ಗೇರು ಬದಲಾಯಿಸುವುದು ಆಗಲೇ, ಕಾಲೆತ್ತಿದರೆ ಹಿಡಿಯುತ್ತದೆ."

ಪದ್ಮಲೆ ಎದ್ದು ನಿಂತಳು.

"ಎಲ್ಲವನ್ನೂ ಸೇರಿಸಿ ಮುಚ್ಚಿದ ಮೇಲೂ ಒಳಗೆ ಒಂದು ಉಳಿಯಲೇಬೇಕು. ಹೆಚ್ಚಾದರೆ ಮನೆ ಅರಚುತ್ತದೆ, ಇಲ್ಲವಾದರೆ ಸುಟ್ಟುಹೋಗುತ್ತದೆ. ಅದನ್ನು ತಂದು ಹಾಕಿದವರಿಲ್ಲ, ಹಿಡಿದು ತೋರಿಸಿದವರೂ ಇಲ್ಲ. ಏನದು?"

ಮೈಲಾರಿಗೂ ಮೊದಲು ಎಣ್ಣೆಯೇ ಹೊಳೆದದ್ದು. ಆದರೆ ಎಣ್ಣೆಯನ್ನು ಹೊಯ್ಯುತ್ತೇವೆ, ಬೆರಳಲ್ಲಿ ಅದ್ದಿ ತೋರಿಸುತ್ತೇವೆ. ತನ್ನ ಗಾಡಿ ನೆನಪಾಯಿತು. ಮೊದಲ ಸಲ ಜೋಡಿಸಿದಾಗ, ಗಟ್ಟಿಯಾದಷ್ಟೂ ಒಳ್ಳೆಯದೆಂದು ಪ್ರತಿ ಬೇರಿಂಗನ್ನೂ ಬಿಗಿದಿದ್ದ. ಎಣ್ಣೆ ತುಂಬಿಯೇ ಹೊರಟಿದ್ದ. ಎರಡು ಹರದಾರಿ ಹೋಗುವುದರಲ್ಲಿ ಬಾಕ್ಸಿನಿಂದ ಹೊಗೆ ಎದ್ದಿತ್ತು.

"ಸಂದು," ಎಂದ.

"ಬಿಡಿಸಿ ಹೇಳು," ಎಂದ ಅರಸ.

"ತಿರುಗುವ ಎರಡರ ನಡುವೆ ಕೂದಲೆಳೆಯಷ್ಟು ಸಂದು ಬೇಕು ಸ್ವಾಮಿ. ಎಣ್ಣೆ ನಿಲ್ಲುವುದೂ ಅಲ್ಲೇ. ಸಂದೇ ಇಲ್ಲದಿದ್ದರೆ ಕಬ್ಬಿಣ ಕಬ್ಬಿಣವನ್ನು ಸುಡುತ್ತದೆ. ಜಾಸ್ತಿಯಾದರೆ ಚಕ್ರ ಅಲುಗಾಡಿ ಅರಚುತ್ತದೆ, ಇಳಿಜಾರಿನಲ್ಲಿ ಗೇರು ಜಾರುತ್ತದೆ. ಸಿಂಗಣ್ಣನವರ ಗಾಡಿಯಲ್ಲಿ ಆದದ್ದು ಅದೇ ಇರಬೇಕು."

"ಮೂರೂ ಸಿಂಗಣ್ಣನದೇ ಒಗಟು," ಎಂದಳು ಪದ್ಮಲೆ, ಕಣ್ಣೊರೆಸಿಕೊಳ್ಳುತ್ತ. "ಗಾಡಿ ಕಲಿಸುವಾಗ ಕೇಳುತ್ತಿದ್ದ."

ಅರಸ ಮುಂದಕ್ಕೆ ಬಾಗಿದ. "ಏನು ಬೇಕು, ಕೇಳು."

"ಆ ಇಬ್ಬರನ್ನು ಬಿಡಬೇಕು ಸ್ವಾಮಿ. ತಪ್ಪಿದರೆ ತಲೆ ಎಂಬ ಮಾತನ್ನೂ ತೆಗೆಯಬೇಕು."

ಬಿಜ್ಜರಸನ ಹುಬ್ಬು ಗಂಟಿಕ್ಕಿತು. "ಆ ರಿಪೇರಿಯವನ ತಪ್ಪಿನಿಂದ ಸಿಂಗಣ್ಣ ಸತ್ತ."

"ತಪ್ಪಾಗಿದೆ ಎಂದು ಅವನು ಹೇಳಿದ್ದರೆ ಸಿಂಗಣ್ಣ ಗಾಡಿ ಹತ್ತುತ್ತಲೇ ಇರಲಿಲ್ಲ. ಹೇಳಿದರೆ ತಲೆ ಹೋಗುತ್ತದೆಂದರೆ ಯಾರು ಹೇಳುತ್ತಾರೆ? ನಾನು ಬೇರಿಂಗ್ ಸುಟ್ಟ ದಿನವೇ ನನ್ನ ತಲೆ ತೆಗೆದಿದ್ದರೆ ಇವತ್ತು ಉತ್ತರ ಹೇಳುವವರು ಇರುತ್ತಿರಲಿಲ್ಲ."

ಅರಸ ಮಗಳ ಮುಖ ನೋಡಿದ. ಅವಳು ತಲೆದೂಗಿದಳು. "ಆಗಲಿ," ಎಂದ.

"ಮತ್ತೆ, ಬಾಕ್ಸನ್ನು ಒಬ್ಬನೇ ಎತ್ತಲು ಆಗುವುದಿಲ್ಲ," ಎಂದ ಮೈಲಾರಿ. "ಅವರಿಬ್ಬರೂ ಬಂದರೆ ಒಳ್ಳೆಯದು."

ಕೆಲಸಕ್ಕೆ ಐದು ದಿನ ಹಿಡಿಯಿತು. ಸೋವಿದೇವ ಚಕ್ರಗಳನ್ನು ತೊಳೆದು ಸಾಲಾಗಿಟ್ಟ. ಗುಂಡೋಜ ಮೊಣಕೈವರೆಗೆ ಗ್ರೀಸ್ ಮೆತ್ತಿಕೊಂಡು ಕಲಿತ. ಮೈಲಾರಿ ಸವೆದ ಬೇರಿಂಗುಗಳನ್ನು ತೆಗೆದು ಹೊಸವು ಕೂರಿಸಿದ, ತೆಳು ತಗಡಿನ ಬಿಲ್ಲೆ ಹಾಕಿ ತೆಗೆದು ಹಾಕಿ ಸಂದು ಅಳೆದ. ಮೂರನೆಯ ದಿನ ಸೋವಿದೇವ "ಇಲ್ಲೊಂದು ಬಿಲ್ಲೆಯನ್ನು ನಾನೇ ತಪ್ಪು ಜಾಗಕ್ಕೆ ಹಾಕಿದ್ದೇನೆ, ಬಿಚ್ಚೋಣ" ಎಂದ. ಯಾರೂ ಬೈಯಲಿಲ್ಲ. ಬಿಚ್ಚಿದರು.

ಶನಿವಾರ ಬೆಳಿಗ್ಗೆ ಉಪ್ಪಿನ ಮೂಟೆ, ಔಷಧಿ ಪೆಟ್ಟಿಗೆ ಹೇರಿ ಪದ್ಮಲೆಯೇ ಸ್ಟೀರಿಂಗ್ ಹಿಡಿದಳು. ಮೈಲಾರಿ ಪಕ್ಕದಲ್ಲಿ ಕೂತ. ಹಳ್ಳಿಗಳಲ್ಲೆಲ್ಲ ಮೂಟೆ ಇಳಿಸಿ, ಸಂಜೆ ಹಿಂತಿರುಗುವಾಗ ಸಿಂಗಣ್ಣ ಸತ್ತ ಆ ಇಳಿಜಾರು ಬಂತು. ಅವಳು ಎರಡನೇ ಗೇರಿಗೆ ಹಾಕಿ, ಒಂದು ಕ್ಷಣ ಗೇರಿನ ಸನ್ನೆಕೋಲಿನ ಮೇಲಿನ ಕೈ ತೆಗೆದಳು. ಸನ್ನೆಕೋಲು ಅಲುಗಲಿಲ್ಲ.

"ಅರಮನೆಯ ಗಾಡಿಶಾಲೆ ಇನ್ನು ನಿನ್ನದು," ಎಂದಳು. "ಅಪ್ಪ ಒಪ್ಪಿದ್ದಾರೆ. ನಾಳೆಯಿಂದ ನನಗೂ ಬಿಚ್ಚುವುದು ಕಲಿಸು."

"ಬಳೆ ತೆಗೆದಿಟ್ಟು ಬನ್ನಿ," ಎಂದ ಮೈಲಾರಿ.