ಲಾರಿಯ ಕೆಳಗಿನ ಒಣ ನೆಲ

"ಗುರುಗಳೇ, ಮೊದಲೆಲ್ಲ ಪ್ರಾರ್ಥನೆಗೆ ಕೂತರೆ ನನ್ನ ತಪ್ಪುಗಳು ನೆನಪಾಗಿ ಕಣ್ಣೀರು ಬರುತ್ತಿತ್ತು. ಈಗ ಒಂದು ಹನಿಯೂ ಬರುವುದಿಲ್ಲ. ನಾನು ಶುದ್ಧನಾದೆ ಎಂದು ತಿಳಿಯಬಹುದೇ?"

ಹೀಗೆ ಕೇಳಿದ ಶಿಷ್ಯ ಚೆನ್ನವೀರ ಬರಿಗೈಯಲ್ಲಿ ಬಂದಿರಲಿಲ್ಲ. ಮಠದವರಿಗೆಲ್ಲ ಹಂಚಲು ಒಂದು ತಟ್ಟೆ ಕಲ್ಲುಸಕ್ಕರೆ ತಂದಿದ್ದ. ಇನ್ನು ಮೇಲೆ ಕಿರಿಯರಿಗೆ ತಾನೇ ಉಪದೇಶ ಮಾಡಬೇಕೆಂಬ ಆಸೆಯೂ ಅವನಿಗಿತ್ತು. ಗುರುಗಳು ಒಂದು ಚೂರು ಬಾಯಿಗೆ ಹಾಕಿಕೊಂಡರು. ಕೂತುಕೋ ಮಾರಾಯ, ಹಂಚುವುದು ಆಮೇಲೆ ಇದ್ದೇ ಇದೆ, ಮೊದಲು ಒಂದು ಕತೆ ಕೇಳು ಎಂದರು.

ಒಬ್ಬ ಲಾರಿಯವನಿದ್ದ. ಅವನದು ಹಳೆಯ ಡೀಸೆಲ್ ಲಾರಿ. ಅದರ ಎಂಜಿನ್ ಅವನ ಅಜ್ಜನಿಗಿಂತ ಹೆಚ್ಚು ಕೆಮ್ಮುತ್ತಿತ್ತು. ಆದರೂ ಘಟ್ಟ ಹತ್ತುವಾಗ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಅದಕ್ಕಿದ್ದದ್ದು ಒಂದೇ ಚಾಳಿ. ನಿಲ್ಲಿಸಿದಲ್ಲೆಲ್ಲ ಆಯಿಲ್ ತೊಟ್ಟಿಕ್ಕಿಸುತ್ತಿತ್ತು. ವಯಸ್ಸಾದ ಎಂಜಿನ್ನು, ಸೋರುತ್ತದೆ, ಸೋರಲಿ ಬಿಡು ಎಂದು ಗ್ಯಾರೇಜಿನ ಮೇಸ್ತ್ರಿ ಹೇಳಿದ್ದ. ದಿನಾ ಬೆಳಿಗ್ಗೆ ಕಡ್ಡಿ ಎಳೆದು ನೋಡು, ಕಡಿಮೆಯಾದಷ್ಟು ಹುಯ್ಯಿ, ನಿನ್ನ ಮೊಮ್ಮಕ್ಕಳನ್ನೂ ಇದು ಹೊರುತ್ತದೆ ಎಂದಿದ್ದ. ಎಂಜಿನ್ನಿನೊಳಗೆ ಆಯಿಲ್ ಎಷ್ಟಿದೆ ಎಂದು ತೋರಿಸುವ ಉದ್ದನೆಯ ಉಕ್ಕಿನ ಕಡ್ಡಿ ಅದು. ಲಾರಿಯವನು ಹಲ್ಲುಜ್ಜುವುದನ್ನಾದರೂ ಮರೆತಾನು, ಕಡ್ಡಿ ಎಳೆಯುವುದನ್ನು ಮರೆಯುತ್ತಿರಲಿಲ್ಲ.

ಹೀಗಿರುವಾಗ ಮಗಳ ಮದುವೆ ಗೊತ್ತಾಯಿತು. ಗಂಡಿನ ಊರು ಘಟ್ಟದ ಮೇಲೆ. ದಿಬ್ಬಣ ತನ್ನ ಲಾರಿಯಲ್ಲೇ ಹೋಗಬೇಕು, ಮಗಳು ತನ್ನ ಪಕ್ಕದಲ್ಲೇ ಕೂರಬೇಕು ಎಂಬುದು ಅವನ ಬಹುದಿನದ ಆಸೆ. ಆದರೆ ಬೀಗರ ಅಂಗಳದಲ್ಲಿ ಲಾರಿ ಆಯಿಲ್ ಸುರಿಸಿಕೊಂಡು ನಿಂತರೆ ಮರ್ಯಾದೆ ಏನಾಗಬೇಕು? ಅವನು ಲಾರಿಯ ಕೆಳಗೆ ನುಸುಳಿ, ಕೈಗೆ ಸಿಕ್ಕ ಬೋಲ್ಟುಗಳನ್ನೆಲ್ಲ ಬಿಗಿ ಮಾಡಿದ. ಮರುದಿನ ನೆಲದ ಮೇಲಿನ ಕಲೆ ಚಿಕ್ಕದಾಯಿತು. ಆಮೇಲೆ ಇನ್ನೂ ಚಿಕ್ಕದಾಯಿತು. ಸೋರುವುದೇ ನಿಲ್ಲುತ್ತಿದೆ, ಇನ್ನು ಕಡ್ಡಿ ಯಾಕೆ ಎಂದು ಅದನ್ನು ಎಳೆಯುವುದನ್ನೇ ಬಿಟ್ಟುಬಿಟ್ಟ.

ಮದುವೆಗೆ ಹೊರಡುವ ಬೆಳಿಗ್ಗೆ ನೋಡುತ್ತಾನೆ, ಲಾರಿಯ ಕೆಳಗೆ ನೆಲ ಒಣಗಿದೆ. ಒಂದು ತೊಟ್ಟೂ ಇಲ್ಲ. ಲಾರಿಯವನು ಕುಣಿದುಬಿಟ್ಟ. ಓಣಿಯವರನ್ನು ಕರೆಕರೆದು ಆ ನೆಲ ತೋರಿಸಿದ. ಎದುರಿಗೆ ಬಂದವರಿಗೆಲ್ಲ ಬೆಲ್ಲ ಹಂಚಿದ.

ಇಲ್ಲಿ ಗುರುಗಳು ಕತೆ ನಿಲ್ಲಿಸಿ ತಟ್ಟೆಯಿಂದ ಇನ್ನೊಂದು ಚೂರು ಕಲ್ಲುಸಕ್ಕರೆ ತೆಗೆದುಕೊಂಡರು. ಮತ್ತೆ ಮುಂದುವರಿಸಿದರು.

ದಿಬ್ಬಣದವರೆಲ್ಲ ಲಾರಿ ಹತ್ತಿದರು. ವಾಲಗದವರೂ ಹತ್ತಿದರು. ಮಗಳು ಮುಂದೆ ಕೂತಳು. ಹೆಂಡತಿ ಮಾತ್ರ ಕೆಳಗೇ ನಿಂತಿದ್ದಳು.

"ಆಯಿಲ್ ಬೀಳುತ್ತಿಲ್ಲ, ಸರಿ. ಒಳಗೆ ಇದೆಯಾ?" ಎಂದು ಕೇಳಿದಳು.

ಒಳ್ಳೆಯ ಕೆಲಸಕ್ಕೆ ಹೊರಟಾಗ ಅಡ್ಡಬಾಯಿ ಹಾಕಬೇಡ ಎಂದು ಅವನು ಗದರಿದ. ಮೈಮೇಲೆ ಹೊಸ ಬಿಳಿ ಪಂಚೆ ಬೇರೆ. ಅವಳು ಜಗ್ಗಲಿಲ್ಲ. ಕಡ್ಡಿ ನೋಡದೆ ಹತ್ತುವುದಿಲ್ಲ ಎಂದಳು. ಹೆತ್ತ ತಾಯಿಯನ್ನು ಬಿಟ್ಟು ಧಾರೆ ಎರೆಯುವುದುಂಟೇ? ಗೊಣಗುತ್ತ ಬಾನೆಟ್ ಎತ್ತಿ ಕಡ್ಡಿ ಎಳೆದ. ಕಡ್ಡಿಯ ತುದಿಯೂ ನೆಂದಿರಲಿಲ್ಲ. ಆಯಿಲ್ ಸೋರುವ ಜಾಗಕ್ಕಿಂತ ಕೆಳಕ್ಕೆ ಇಳಿದುಹೋಗಿತ್ತು, ಅದಕ್ಕೇ ನೆಲ ಒಣಗಿತ್ತು. ಹಾಗೇ ಹೊರಟಿದ್ದರೆ ಅರ್ಧ ಘಟ್ಟದಲ್ಲಿ ಎಂಜಿನ್ ಜಾಮ್ ಆಗಿ, ಮುಹೂರ್ತ ಮೀರಿ, ಮದುಮಗಳು ದಾರಿಯಲ್ಲಿ ಕೂತಿರಬೇಕಾಗಿತ್ತು.

ಹೆಂಡತಿ ಒಳಗೆ ಹೋಗಿ ಆಯಿಲ್ ಡಬ್ಬ ತಂದುಕೊಟ್ಟಳು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು ಅನಿಸಿತು ಅವನಿಗೆ. ಕಡ್ಡಿಯ ಗೆರೆ ಮುಟ್ಟುವವರೆಗೆ ಹುಯ್ದ. ಲಾರಿ ಕೆಮ್ಮಿತು, ಗುಡುಗಿತು, ವಾಲಗ ಶುರುವಾಯಿತು. ಘಟ್ಟ ಹತ್ತಿ, ಮುಹೂರ್ತಕ್ಕೆ ಮುಂಚೆಯೇ ಬೀಗರ ಅಂಗಳ ಸೇರಿತು. ನಿಂತ ಸ್ವಲ್ಪ ಹೊತ್ತಿಗೆ ಕೆಳಗೆ ತೊಟ್ಟನೆ ಒಂದು ಹನಿ ಬಿತ್ತು. ಬೀಗರೆಲ್ಲ ನೋಡಿದರು. ಲಾರಿಯವನಿಗೆ ನಾಚಿಕೆಯಾಗಲಿಲ್ಲ, ಹಾಲು ಕುಡಿದಷ್ಟು ಸಂತೋಷವಾಯಿತು. ಬಗ್ಗಿ ಆ ಕಪ್ಪು ಹನಿಯನ್ನು ಬೆರಳಿಗೆ ಹಚ್ಚಿಕೊಂಡು ಮಗಳ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟ. ಬೀಗರೂ ನಕ್ಕರು. ಅಂಗಳವೇ ನಕ್ಕಿತು.

ಕತೆ ಮುಗಿಯಿತು. ಚೆನ್ನವೀರನಿಗೂ ನಗು ತಡೆಯಲಾಗಲಿಲ್ಲ. ಒಳ್ಳೆಯ ಕತೆ ಗುರುಗಳೇ ಎನ್ನುತ್ತ, ಕಲ್ಲುಸಕ್ಕರೆ ಹಂಚಲು ತಟ್ಟೆ ಎತ್ತಿಕೊಂಡು ಬಾಗಿಲವರೆಗೆ ನಡೆದ. ಗುರುಗಳು ಕೂತಲ್ಲಿಂದಲೇ ಕರೆದು ಕೇಳಿದರು:

"ಕಡ್ಡಿ ಎಳೆದು ನೋಡಿದೆಯೇನಪ್ಪಾ?"

ಚೆನ್ನವೀರ ತಟ್ಟೆ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತ.