ಕುರ್ಚಿಯ ಟವೆಲ್

ಸಾಹೇಬರು ನಾಲ್ಕು ದಿನ ರಜೆ ಹಾಕಿದ್ದೇ ತಡ, ಅವರ ಜಾಗಕ್ಕೆ ಬಂದ ಗುಮಾಸ್ತ ಬಸಲಿಂಗಪ್ಪನ ದನಿಯೇ ಬದಲಾಯಿತು. ಬಿಳಿ ಟವೆಲ್ ಹೊದಿಸಿದ ಕುರ್ಚಿಗೆ ಒರಗಿ, "ನನ್ನೆದುರು ಯಾರೂ ಕೂರಬಾರದು" ಎಂದು ಹುಕುಂ ಹೊರಡಿಸಿದ. ಪಿಂಚಣಿಗೆ ಬಂದ ಮುದುಕಿ ಕಾಲುನೋವೆಂದು ಕೂತಿದ್ದಕ್ಕೆ ಅವಳ ಅರ್ಜಿಯನ್ನೇ ಎಸೆದ.

ಕಚೇರಿಯ ಕಸ ಗುಡಿಸುವ ನಿಂಗವ್ವ ಎಂಟು ಸಾಹೇಬರನ್ನು ಕಂಡವಳು. ದರ್ಪ ಎಲ್ಲಿರುತ್ತದೆಂದು ಅವಳಿಗೆ ಗೊತ್ತಿತ್ತು. ಮರುದಿನ ಬೆಳಿಗ್ಗೆಯೇ ಟವೆಲ್ ಒಗೆದು ಹಗ್ಗಕ್ಕೆ ಹಾಕಿದಳು.

ಬರೀ ಕುರ್ಚಿಯಲ್ಲಿ ಬಸಲಿಂಗಪ್ಪನಿಗೆ ಒರಗಲೂ ಧೈರ್ಯವಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ, ಮತ್ತೆ ಬಂದು ಹೊರಗೆ ಕಾಯುತ್ತಿದ್ದ ಮುದುಕಿಯನ್ನು ತಾನೇ ಕರೆದು, "ಕೂತ್ಕೊಳ್ಳವ್ವ" ಎಂದು ಅರ್ಜಿಗೆ ರುಜು ಹಾಕಿದ. ಆಮೇಲೆ ಮೆಲ್ಲಗೆ ಕೇಳಿದ, "ನಿಂಗವ್ವಾ, ಟವೆಲ್ ಒಣಗಿತೇನು?"

ಒಣಗಿದ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ ನಿಂಗವ್ವ ಸೊಂಟದ ಮೇಲೆ ಕೈಯಿಟ್ಟಳು.

"ಮೊದಲು ಎದ್ದು ನಿಂತು ಮಾತಾಡು."

ಬಸಲಿಂಗಪ್ಪ ಎದ್ದು ನಿಂತ.