ರೇಷ್ಮೆ ಹುಳುವಿನ ಪಕ್ಕೆಯ ಬಾಗಿಲುಗಳು

ಲೋಕ ಇನ್ನೂ ಹೊಸದಾಗಿತ್ತು ಕಂದಾ. ನದಿಗಳಿಗೆ ತಮ್ಮ ದಾರಿ ಸರಿಯಾಗಿ ಗೊತ್ತಿರಲಿಲ್ಲ, ಬೆಟ್ಟಗಳ ಮೈ ಇನ್ನೂ ಹಸಿಹಸಿ. ಆಗ ಹುಳುಹುಪ್ಪಟೆಗಳೆಲ್ಲ ಬಾಯಿಂದಲೇ ತಿನ್ನುತ್ತಿದ್ದವು, ಬಾಯಿಂದಲೇ ಉಸಿರಾಡುತ್ತಿದ್ದವು.

ಇರುವೆ ಒಂದು ಕಾಳು ಕಚ್ಚಿ ಒಂದು ಉಸಿರು ಎಳೆಯುತ್ತಿತ್ತು. ಮಿಡತೆಯೂ ಹಾಗೇ. ಫಜೀತಿಯೆಲ್ಲ ರೇಷ್ಮೆ ಹುಳುವಿನದು. ಅದರ ಹೊಟ್ಟೆಬಾಕತನ ಏನು ಹೇಳಲಿ! ಮೊಟ್ಟೆಯಿಂದ ಹೊರಬಿದ್ದ ಗಳಿಗೆಯಲ್ಲೇ ಹಿಪ್ಪುನೇರಳೆ ಸೊಪ್ಪಿಗೆ ಬಾಯಿ ಹಾಕಿತ್ತು. ತಿಂದರೆ ಉಸಿರಿಲ್ಲ, ಉಸಿರಾಡಿದರೆ ಸೊಪ್ಪಿಲ್ಲ.

"ಸ್ವಲ್ಪ ಸುಧಾರಿಸಿಕೊಂಡು ತಿನ್ನೋ ಮಗಾ," ಎಂದಿತು ಹಿಪ್ಪುನೇರಳೆ ಗಿಡ.

"ಆಗಲ್ಲ ಕಣಮ್ಮ. ಹೊಟ್ಟೆ ತುಂಬದಿದ್ರೆ ನೂಲು ಬರಲ್ಲ. ನೂಲು ಬರದಿದ್ರೆ ಗೂಡು ಕಟ್ಟೋಕಾಗಲ್ಲ. ಗೂಡಿಲ್ಲದೆ ನನಗೆ ರೆಕ್ಕೆ ಹೇಗೆ ಬರುತ್ತೆ?" ಎಂದು ಹುಳು ಮತ್ತೆ ಬಾಯಿ ತುಂಬಿಕೊಂಡಿತು.

ಒಂದು ಮಧ್ಯಾಹ್ನ ಅದು ಎಲೆಯ ಮೇಲೆ ಸೋತು ಒರಗಿತು. ಬಿಳಿ ಮೈ ನೀಲಿಗಟ್ಟಿತ್ತು. ಗಿಡ ಗಾಬರಿಯಿಂದ ಕೊಂಬೆಗಳನ್ನೆಲ್ಲ ಅಲ್ಲಾಡಿಸಿ ಗಾಳಿಯನ್ನು ಕೂಗಿತು.

ಗಾಳಿ ಓಡೋಡಿ ಬಂದು ಹುಳುವಿನ ಬಾಯೊಳಗೆ ನುಗ್ಗಲು ನೋಡಿತು. ಅಲ್ಲಿ ಸೊಪ್ಪು ತುಂಬಿ ಸಂದಿಯೇ ಇರಲಿಲ್ಲ.

"ಮೊದಲು ಉಗುಳೋ!" ಎಂದಿತು ಗಾಳಿ.

"ಊಹೂಂ," ಎಂದಿತು ಹುಳು. ಸಾಯುವ ಹೊತ್ತಲ್ಲೂ ಉಗುಳಲಿಲ್ಲ ಮಹರಾಯ!

ಗಾಳಿಗೆ ಸಿಟ್ಟು ಬಂತು. ಆದರೂ ಕರುಳು ಚುರುಕ್ಕೆಂದಿತು. ಜಾಲಿ ಗಿಡದ ಮುಳ್ಳೊಂದನ್ನು ಕಿತ್ತು ತಂದು, "ಅಲ್ಲಾಡಬೇಡ ತಮ್ಮಾ, ನಿನ್ನ ಪಕ್ಕೆಯಲ್ಲೊಂದು ಬಾಗಿಲು ತೆಗೀತೀನಿ," ಎಂದಿತು.

"ಅಯ್ಯೋ ಗಾಳಿಯಣ್ಣಾ, ತಿಂದ ಸೊಪ್ಪೆಲ್ಲ ಸೋರಿಹೋಗಲ್ವಾ?" ಹುಳು ತುಂಬಿದ ಬಾಯಲ್ಲೇ ತೊದಲಿತು.

"ಜೀವ ಹೋಗ್ತಾ ಇದೆ, ಇವನಿಗೆ ಸೊಪ್ಪಿನ ಚಿಂತೆ!" ಎಂದು ನಕ್ಕು ಗಾಳಿ ಮೆಲ್ಲಗೆ ಚುಚ್ಚಿತು.

ಸೊಪ್ಪೇನೂ ಸೋರಲಿಲ್ಲ. ಗಾಳಿಯೇ ಸುಂಯ್ ಎಂದು ಒಳಗೆ ಹೋಯಿತು. ನೀಲಿಗಟ್ಟಿದ ಮೈ ಅಲ್ಲಿ ಮಾತ್ರ ಬೆಳ್ಳಗಾಯಿತು.

"ಇನ್ನೊಂದು ಮಾಡಣ್ಣ," ಎಂದಿತು ಹುಳು. ಆಮೇಲೆ ಮತ್ತೊಂದು, ಆಮೇಲೆ ಮಗದೊಂದು. ಎರಡೂ ಪಕ್ಕೆಯಲ್ಲಿ ಬಾಗಿಲುಗಳ ಸಾಲೇ ಆಯಿತು. ಗಾಳಿ ಒಳಗೆಲ್ಲ ಕೂದಲೆಳೆಯಷ್ಟು ಸಣ್ಣ ಓಣಿಗಳನ್ನು ಮಾಡಿ, ಬಾಲದ ತುದಿಯವರೆಗೂ ಓಡಾಡಿ ಬಂತು. ಹುಳು ಬದುಕಿತು. ಗಿಡಕ್ಕಾದ ಸಂತೋಷ ಅಷ್ಟಿಷ್ಟಲ್ಲ!

"ಒಂದು ಮಾತು ನೆನಪಿರಲಿ," ಎಂದಿತು ಗಾಳಿ. "ನಾನು ಒಬ್ಬನೇ ಬರೋನಲ್ಲ. ದಾರೀಲಿ ಹೊಗೆ ಸಿಕ್ಕರೆ ಹೊಗೆನೂ ತರ್ತೀನಿ, ಘಾಟು ಸಿಕ್ಕರೆ ಘಾಟೂ ತರ್ತೀನಿ. ಆಮೇಲೆ ನನ್ನ ಬೈಬೇಡ."

"ಆಯ್ತು ಬಿಡಣ್ಣ," ಎಂದ ಹುಳು ಆಗಲೇ ಮುಂದಿನ ಎಲೆಯಲ್ಲಿತ್ತು.

ಸುದ್ದಿ ಕೇಳಿ ಇರುವೆ, ಮಿಡತೆ, ಜೇನುಹುಳು, ಜಿರಳೆ ಎಲ್ಲವೂ ಬಂದು, "ನಮಗೂ ಬಾಗಿಲು ಬೇಕು," ಎಂದು ಪಕ್ಕೆ ತೋರಿಸಿ ನಿಂತವು. ಗಾಳಿ ಯಾರಿಗೂ ಇಲ್ಲ ಎನ್ನಲಿಲ್ಲ.

ಅದಕ್ಕೇ ಕಂದಾ, ಇವತ್ತಿಗೂ ಹುಳು ಸಾಕುವ ಮನೆಯಲ್ಲಿ ಯಾರಾದರೂ ಬೀಡಿ ಹಚ್ಚಿದರೆ ನಿಮ್ಮಮ್ಮ ಅಷ್ಟೊಂದು ಸಿಡುಕುವುದು. ನೀನೇ ತಟ್ಟೆಯ ಮೇಲೆ ಬಗ್ಗಿ ನೋಡು: ಹುಳುವಿನ ಪಕ್ಕೆಯುದ್ದಕ್ಕೂ ಸಾಲಾಗಿರುವ ಆ ಕಪ್ಪು ಚುಕ್ಕಿಗಳು ಗಾಳಿಯಣ್ಣ ಅಂದು ತೆರೆದ ಬಾಗಿಲುಗಳೇ, ಅವುಗಳಿಂದ ಉಸಿರಾಡುತ್ತಲೇ ಅದು ತಲೆ ಕೂಡ ಎತ್ತದೆ ಸೊಪ್ಪು ಮುಕ್ಕುತ್ತಿದೆ.